ಗಾಜಿನ ಮೇಲೆ ಕೆತ್ತನೆ: ಜಪಾನಿನ ಕಿರಿಕೊ ಲೋಟಗಳು



ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಅರಿಯದವರು ನಮ್ಮ ಕುಮಟಾ, ಹೊನ್ನಾವರ ಸೀಮೆಯಲ್ಲಿ ಕಡಮೆ. ಮರವನ್ನು ಕೆತ್ತಿದ ಹಾಗೆ ಗಾಜನ್ನೂ ಕೆತ್ತಬಹುದೇ? ಕೆತ್ತಬಹುದು. ಜಪಾನಿನಲ್ಲಿ ಈ ಕಸಬಿಗೆ 'ಕಿರಿಕೊ' ಎಂದು ಹೆಸರು. ನೀರು, ಮದ್ಯ ಕುಡಿಯುವ ಲೋಟಗಳನ್ನು ಅಲ್ಲಿ ಈ ಬಗೆಯಲ್ಲಿ ಅಲಂಕರಿಸುತ್ತಾರೆ. ಈ ಕಸಬಿನ ಕಥೆಯಲ್ಲಿ ನಮಗೂ ಒಂದು ಪಾಠವಿದೆ.

ಆರಂಭ: ಟೋಕಿಯೋ ನಗರದ ಹಳೆಯ ಹೆಸರು ಎಡೋ. 1834ರಲ್ಲಿ ಅಲ್ಲಿಯ ಕಾಗಯಾ ಕ್ಯೂಬೇ ಎಂಬ ವ್ಯಾಪಾರಿಯು ಗಡಸು ಕಲ್ಲಿನ ಪುಡಿಯಿಂದ ಗಾಜನ್ನು ಉಜ್ಜಿ ನಮೂನೆ ಮೂಡಿಸಿದ್ದೇ ಎಡೋ ಕಿರಿಕೊ ಕಸಬಿಗೆ ಮೊದಲೆಂದು ಹೇಳುತ್ತಾರೆ. 1881ರಲ್ಲಿ ಎಮ್ಯಾನುಯೆಲ್ ಹಾಪ್ಟ್‌ಮನ್ ಎಂಬ ಕುಶಲಕರ್ಮಿಯನ್ನು ಇಂಗ್ಲೆಂಡಿನಿಂದ ಶಿನಾಗಾವಾ ಗಾಜಿನ ಕಾರ್ಖಾನೆಗೆ ಕರೆಸಿದರು. ತಿರುಗುವ ಚಕ್ರದಿಂದ ಗಾಜು ಕೊರೆಯುವ ವಿದ್ಯೆಯನ್ನು ಆತನಿಂದ ಜಪಾನಿನ ಯುವಕರು ಕಲಿತರು.

ಮಾಡುವ ಕ್ರಮ: ಬಣ್ಣವಿಲ್ಲದ ಗಾಜಿನ ಮೇಲೆ ನೀಲಿ ಅಥವಾ ಕೆಂಪು ಗಾಜಿನ ತೆಳು ಪದರವಿರುವ ಲೋಟವನ್ನು ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಅಳತೆಗೆ ಅಡ್ಡಗೆರೆ, ಉದ್ದಗೆರೆ ಮಾತ್ರ ಎಳೆಯುತ್ತಾರೆ. ಪೂರ್ಣ ಚಿತ್ರ ಬರೆಯುವುದಿಲ್ಲ. ಅನಂತರ ಲೋಟವನ್ನು ತಿರುಗುವ ಚಕ್ರಕ್ಕೆ ಮೇಲಿನಿಂದ ಒತ್ತಿ, ಗಾಜಿನ ಒಳಗಿನಿಂದ ನೋಡುತ್ತ ಕೊರೆಯುತ್ತಾರೆ. ಮೊದಲು ಒರಟಾಗಿ, ಬಳಿಕ ನಯವಾಗಿ ಕೊರೆದು, ಕೊನೆಗೆ ಉಜ್ಜಿ ಹೊಳಪು ಕೊಡುತ್ತಾರೆ. ಕೈ ಸ್ವಲ್ಪ ತಪ್ಪಿದರೂ ಹೋದ ಗಾಜು ಮರಳಿ ಬಾರದು.

ನಮೂನೆಗಳು: ಇವೇನೂ ಅರಮನೆಯಿಂದ ಬಂದವಲ್ಲ. ಬುಟ್ಟಿಯ ಹೆಣಿಗೆ, ಬಿದಿರಿನ ಬೇಲಿ, ಸೇವಂತಿಗೆ ಹೂವು, ನಾರಿನ ಗಿಡದ ಎಲೆ, ಮೀನಿನ ತತ್ತಿ, ಇವೇ ಅಲ್ಲಿಯ ಹಳೆಯ ನಮೂನೆಗಳು. ಇವೆಲ್ಲ ನಮ್ಮ ಕಣ್ಣೆದುರಿಗೂ ದಿನವೂ ಇರುವಂಥವೇ.

ಕಡಿದುಹೋದ ಕೊಂಡಿ: ಜಪಾನಿನ ದಕ್ಷಿಣದ ಸತ್ಸುಮಾ ಸಂಸ್ಥಾನದಲ್ಲಿಯೂ ಇಂಥ ಕಸಬು ಇತ್ತು. ಅಲ್ಲಿಯ ಗಾಜಿನ ಬಣ್ಣದ ಪದರ ದಪ್ಪ. ಕೊರೆದಾಗ ಬಣ್ಣವು ಕಡುಪಿನಿಂದ ತಿಳಿಗೆ ಮೆಲ್ಲನೆ ಇಳಿಯುತ್ತಿತ್ತು. ಆದರೆ ಆಶ್ರಯ ಕೊಟ್ಟ ದೊರೆ ಶಿಮಾಜು ನಾರಿಯಾಕಿರಾ 1858ರಲ್ಲಿ ತೀರಿಕೊಂಡನು. 1863ರಲ್ಲಿ ಬ್ರಿಟಿಷ್ ಹಡಗುಗಳ ಗುಂಡಿಗೆ ಕಾರ್ಖಾನೆ ಸುಟ್ಟಿತು. ಕೆಲವೇ ವರ್ಷಗಳಲ್ಲಿ ಕಸಬು ನಿಂತೇಹೋಯಿತು. ಸುಮಾರು ನೂರು ವರ್ಷಗಳ ಮೇಲೆ, 1985ರಲ್ಲಿ, ಅದನ್ನು ಮತ್ತೆ ಆರಂಭಿಸಿದರು. ಕಲಿಸುವ ಗುರು ಒಬ್ಬನೂ ಉಳಿದಿರಲಿಲ್ಲ. ಉಳಿದ ಹಳೆಯ ಪಾತ್ರೆಗಳನ್ನೂ ದಾಖಲೆಗಳನ್ನೂ ನೋಡಿ ನೋಡಿ ಕಲಿಯಬೇಕಾಯಿತು.

ಎಡೋ ಕಿರಿಕೊ ಹೀಗೆ ಕಡಿಯಲಿಲ್ಲ. ಅಲ್ಲಿ ಒಬ್ಬನೇ ದೊರೆಯ ಆಶ್ರಯವಿರಲಿಲ್ಲ. ಊರಿನ ಜನರೇ ಕೊಂಡರು, ಕುಶಲಕರ್ಮಿಗಳು ತಮ್ಮ ಚಿಕ್ಕ ಕಾರ್ಯಾಗಾರಗಳಲ್ಲಿ ಶಿಷ್ಯರಿಗೆ ಕಲಿಸಿದರು. 2002ರಲ್ಲಿ ಜಪಾನ್ ಸರ್ಕಾರವು ಇದನ್ನು ಸಾಂಪ್ರದಾಯಿಕ ಕರಕುಶಲವೆಂದು ಮನ್ನಿಸಿತು.

ಇದರಿಂದ ತಿಳಿಯಬೇಕಾದುದು ಇಷ್ಟೇ: ಕೈಕಸಬು ಪೆಟ್ಟಿಗೆಯಲ್ಲಿಟ್ಟು ಕಾಯುವ ಒಡವೆಯಲ್ಲ. ಬಲ್ಲವರ ಪಕ್ಕದಲ್ಲಿ ಕಲಿಯುವವನೊಬ್ಬ ಕುಳಿತಿರಬೇಕು, ಕೊಳ್ಳುವವರೂ ಇರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಕೊಂಡಿ ಕಡಿಯುತ್ತದೆ. ಆದುದರಿಂದ ಬೆಂಡಿನ ಬಾಸಿಂಗ ಕಟ್ಟುವ, ಬುಟ್ಟಿ ಹೆಣೆಯುವ, ಮರ ಕೆತ್ತುವ ಹಿರಿಯರು ಇರುವಾಗಲೇ ಅವರ ಬಳಿಗೆ ಮಕ್ಕಳನ್ನು ಕಳುಹಿಸೋಣ.

ಚರ್ಚೆಗೆ:
1. ಸಂತೆಗುಳಿಯ ಸುತ್ತಮುತ್ತ ಯಾವ ಕೈಕಸಬನ್ನು ಬಲ್ಲವರು ಈಗ ಒಬ್ಬಿಬ್ಬರೇ ಉಳಿದಿದ್ದಾರೆ?
2. ಅವರ ಬಳಿ ಕಲಿಯಲು ಯಾರು ಸಿದ್ಧರಿದ್ದಾರೆ?
3. ಅವರು ಮಾಡಿದ ವಸ್ತುವನ್ನು ನಮ್ಮ ಮನೆಗೆ ನಾವು ಕೊಂಡು ಎಷ್ಟು ದಿನವಾಯಿತು?