ಕಡಲಾಚೆಗೆ ಹೋದ ಮಕ್ಕಳ ಊರು: ವಂಶಶೋಧನೆಯ ಒಂದು ಪಾಠ

ವಂಶವೃಕ್ಷವೆಂದರೆ ಸಾಮಾನ್ಯವಾಗಿ ಊರಿನಲ್ಲಿ ಉಳಿದವರ ವೃಕ್ಷ. ತಾತ, ಮುತ್ತಾತ, ಗಿರಿಮುತ್ತಾತ ಎಂದು ಮೇಲೇರುವ ಈ ಗಣನೆಯಲ್ಲಿ ಊರು ಬಿಟ್ಟು ಹೋದವನ ಕೊಂಬೆ ಒಂದೆರಡು ತಲೆಮಾರುಗಳಲ್ಲಿ ಒಣಗಿಹೋಗುತ್ತದೆ. ದೊಡ್ಡವನಾಗಿ ಹೋದವನ ಹೆಸರಾದರೂ ಕೆಲಕಾಲ ನೆನಪಿನಲ್ಲಿ ಉಳಿದೀತು. ತಾಯಿಯ ಸೊಂಟದ ಮೇಲೆ ಕುಳಿತೋ ತಂದೆಯ ಕೈಹಿಡಿದೋ ಹೊರಟುಹೋದ ಮಗುವಿನ ಹೆಸರು ಆ ತಲೆಮಾರಿನೊಂದಿಗೇ ಅಳಿಯುತ್ತದೆ. ಆದರೆ ಅಂಥ ಮಗು ಕಡಲಾಚೆಗೆ ಹೋಗಿದ್ದರೆ, ಊರು ಮರೆತ ಆ ಹೆಸರನ್ನು ಪರದೇಶದ ಕಡತವೊಂದು ಇಂದಿಗೂ ಕಾಪಾಡಿಕೊಂಡಿರಬಹುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಪರಿಸರದಲ್ಲಿ ಅಂಥ ಕಡತವನ್ನು ಓದುವ ಬಗೆಯನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಕರಾರು ಕೂಲಿಯ ಹಿನ್ನೆಲೆ

ಬ್ರಿಟಿಷ್ ವಸಾಹತುಗಳಲ್ಲಿ ೧೮೩೪ರಿಂದ ಗುಲಾಮಗಿರಿ ರದ್ದಾಗತೊಡಗಿತು. ಕಬ್ಬಿನ ತೋಟಗಳ ಒಡೆಯರು ಆಳುಗಳಿಗಾಗಿ ಭಾರತದತ್ತ ಮುಖಮಾಡಿದರು. ಐದು ವರ್ಷದ ಕರಾರಿನ ಮೇಲೆ ಜನರನ್ನು ಹಡಗು ಹತ್ತಿಸುವ ಪದ್ಧತಿ ಬೆಳೆಯಿತು. 'ಅಗ್ರಿಮೆಂಟ್' ಎಂಬ ಮಾತೇ ಕೂಲಿಗಳ ಬಾಯಲ್ಲಿ 'ಗಿರ್ಮಿಟ್' ಆಯಿತು. ಮಾರಿಷಸ್ ದ್ವೀಪವೊಂದಕ್ಕೇ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಹೋದರು. ದಕ್ಷಿಣ ಆಫ್ರಿಕದ ನಟಾಲಿಗೆ ಮೊದಲ ಹಡಗಾದ 'ಟ್ರೂರೋ' ಮದರಾಸಿನಿಂದ ಹೊರಟು ೧೮೬೦ರ ನವೆಂಬರ್ ೧೬ರಂದು ಡರ್ಬನ್ ಬಂದರನ್ನು ಸೇರಿತು. ಅಲ್ಲಿಂದ ೧೯೧೧ರವರೆಗೆ ನಟಾಲಿಗೆ ಹೋದವರು ೧,೫೨,೧೮೪ ಮಂದಿ. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಮದರಾಸಿನ ಬಂದರಿನಿಂದ ಹೊರಟವರು. ಫಿಜಿ ದ್ವೀಪಗಳಿಗೆ ೧೮೭೯ರಿಂದ ೧೯೧೬ರವರೆಗೆ ಅರವತ್ತು ಸಾವಿರಕ್ಕೂ ಮಿಕ್ಕ ಜನ ಹೋದರು. ಮದರಾಸಿನಿಂದ ಅಲ್ಲಿಗೆ ಹಡಗುಗಳು ಹೊರಟದ್ದು ೧೯೦೩ರಿಂದ ಈಚೆಗೆ.

ಮೈಸೂರು ಸೀಮೆಗೆ ಸ್ವಂತ ಬಂದರಿಲ್ಲ. ಆದುದರಿಂದ ಇಲ್ಲಿಯ ಜನ ಮದರಾಸಿನ ಡಿಪೋ ಮೂಲಕವೇ ಹೋಗಬೇಕಾಯಿತು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ೧೮೬೪ರಲ್ಲಿ ರೈಲು ಓಡತೊಡಗಿದ ಮೇಲೆ ಮದರಾಸು ಹತ್ತಿರವಾಯಿತು. ಅಲ್ಲಿಂದ ಹಡಗೇರಿದವರು ತಮಿಳರಾಗಲಿ, ತೆಲುಗರಾಗಲಿ, ಕನ್ನಡಿಗರಾಗಲಿ, ವಸಾಹತಿನ ಲೆಕ್ಕದಲ್ಲಿ ಎಲ್ಲರೂ 'ಮದರಾಸಿ'ಗಳೇ. ಸಂಖ್ಯೆಯಲ್ಲಿ ಅಲ್ಪರಾದ ಕನ್ನಡಿಗರು ಅಕ್ಕಪಕ್ಕದ ತಮಿಳು, ತೆಲುಗು ಸಮುದಾಯಗಳಲ್ಲಿ ಬೆರೆತುಹೋಗುವುದು ಸಹಜವಾಗಿತ್ತು. ಹೀಗಾಗಿ ಮನೆಮಾತಿನ ಜಾಡು ಹಿಡಿದು ಹುಡುಕುವವನಿಗೆ ಮೂಲ ಸಿಕ್ಕುವುದು ದುರ್ಲಭ.

ಧಾತು-ಈಶ್ವರ ಸಂವತ್ಸರಗಳ ಬರ

ಈ ಸೀಮೆಯ ಹಳ್ಳಿಗಳು ಬರಿದಾದ ಕಾಲವೆಂದರೆ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಎಂಟೂವರೆ ಲಕ್ಷಕ್ಕೂ ಮಿಕ್ಕ ಜನ ಕಡಮೆಯಾದರು. ಅವರಲ್ಲಿ ಬಹುಪಾಲು ಹಸಿವಿಗೂ ರೋಗಕ್ಕೂ ಬಲಿಯಾದವರು, ಉಳಿದವರು ಚೆದುರಿದವರು.

ಚೆದುರಿದವರೆಲ್ಲ ಕಡಲು ದಾಟಲಿಲ್ಲವೆಂಬುದನ್ನು ಶೋಧಕನು ಮೊದಲು ಮನಗಾಣಬೇಕು. ಕೆಲವರು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳನ್ನು ಸೇರಿದರು. ತಬ್ಬಲಿಗಳಾದ ಮಕ್ಕಳಲ್ಲಿ ಹಲವರನ್ನು ಮಿಷನ್ ಅನಾಥಾಲಯಗಳು ಸಾಕಿದವು. ಕಂಗಾಣಿಗಳ ಹಿಂದೆ ಸಿಂಹಳದ ತೋಟಗಳಿಗೆ ಹೋದವರೂ ಉಂಟು. ಅಲ್ಲಿಗೆ ಹೋದವರಿಗೆ ನಟಾಲಿನಂತೆ ತಲೆತಲೆಗೂ ಬರೆದ ಹಡಗುಪಟ್ಟಿ ಇಲ್ಲ. 'ನಮ್ಮ ತಾತನ ಅಣ್ಣ ಹಡಗು ಹತ್ತಿದ' ಎಂಬ ಮನೆಮಾತನ್ನು ಆದುದರಿಂದ ಸುಳಿವಾಗಿ ಸ್ವೀಕರಿಸಬೇಕೇ ಹೊರತು ಪುರಾವೆಯಾಗಿ ಅಲ್ಲ.

ಕಾಲಗಣನೆಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ನಟಾಲಿಗೆ ವಲಸೆ ೧೮೬೬ರಿಂದ ೧೮೭೪ರವರೆಗೆ ನಿಂತುಹೋಗಿತ್ತು. ೧೮೭೦ರಲ್ಲಿ ಮುತ್ತಾತ ಭಾರತದಿಂದ ಡರ್ಬನ್ನಿಗೆ ಕರಾರಿನ ಮೇಲೆ ಬಂದನೆಂದು ಒಂದು ಮನೆತನ ನಂಬಿದ್ದರೆ, ಆ ವರ್ಷ ತಪ್ಪಾಗಿರಬೇಕು, ಇಲ್ಲವೆ ಆ ಬಂದರು ತಪ್ಪಾಗಿರಬೇಕು.

ಮಕ್ಕಳ ಸ್ಥಾನಮಾನ

ಕರಾರಿಗೆ ಹೆಬ್ಬೆಟ್ಟು ಒತ್ತಿದವರು ದೊಡ್ಡವರು. ಅದರ ಫಲವನ್ನು ಉಂಡವರಲ್ಲಿ ಮಕ್ಕಳೂ ಇದ್ದರು. ಹಡಗಿನ ಸ್ಥಳದ ಲೆಕ್ಕದಲ್ಲಿ ಹತ್ತು ವರ್ಷದೊಳಗಿನ ಮಗು ಅರ್ಧ ಆಳು; ಹತ್ತು ತುಂಬಿದವರು ಪೂರ್ಣ ಆಳು. ಪಟ್ಟಿಯಲ್ಲಿ ಬರೆದ ವಯಸ್ಸಾದರೂ ಹುಟ್ಟಿದ ದಿನವನ್ನು ಬಲ್ಲವರು ಹೇಳಿದ್ದಲ್ಲ, ಬಹುಮಟ್ಟಿಗೆ ಗುಮಾಸ್ತನ ಅಂದಾಜು. 'ವಯಸ್ಸು ೧೦' ಎಂದಿದ್ದರೆ ಎರಡು ಮೂರು ವರ್ಷ ಹಿಂದುಮುಂದಾಗಿ ಎಣಿಸುವುದು ಕ್ಷೇಮ.

ವಸಾಹತಿನ ಕಾನೂನು ಮಕ್ಕಳನ್ನು ಮುಂದೆಯೂ ಬಿಡಲಿಲ್ಲ. ನಟಾಲಿನಲ್ಲಿ ಗಂಡಾಳಿನ ಸಂಬಳ ಮೊದಲ ವರ್ಷ ತಿಂಗಳಿಗೆ ಹತ್ತು ಷಿಲಿಂಗು. ಕರಾರು ಮುಗಿದ ಮೇಲೂ ಮರಳಿ ಕರಾರಿಗೆ ಒಪ್ಪದೆ, ಊರಿಗೂ ಹಿಂದಿರುಗದೆ ಅಲ್ಲಿಯೇ ನೆಲೆನಿಲ್ಲುವವರ ಮೇಲೆ ೧೮೯೫ರ ಕಾಯಿದೆ ವರ್ಷಕ್ಕೆ ಮೂರು ಪೌಂಡುಗಳ ತೆರಿಗೆ ಹಾಕಿತು. ಮೂರು ಪೌಂಡೆಂದರೆ ಅರವತ್ತು ಷಿಲಿಂಗು, ಅಂದರೆ ಹೊಸ ಆಳಿನ ಆರು ತಿಂಗಳ ದುಡಿಮೆ. ೧೯೦೩ರ ಕಾಯಿದೆ ಆ ತೆರಿಗೆಯನ್ನು ಹದಿನಾರು ತುಂಬಿದ ಹುಡುಗರಿಗೂ ಹದಿಮೂರು ತುಂಬಿದ ಹುಡುಗಿಯರಿಗೂ ವಿಸ್ತರಿಸಿತು. ಗಾಂಧೀಜಿಯವರ ನೇತೃತ್ವದಲ್ಲಿ ನಡೆದ ೧೯೧೩ರ ಮುಷ್ಕರದ ತರುವಾಯ, ೧೯೧೪ರಲ್ಲಿ ಅದು ರದ್ದಾಯಿತು.

ಹಡಗುಪಟ್ಟಿಯನ್ನು ಓದುವ ಬಗೆ

ನಟಾಲಿನ ಹಡಗುಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯುಂಟು. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಲಿಂಗ, ಜಾತಿ, ಜಿಲ್ಲೆ, ಠಾಣೆ, ಗ್ರಾಮ, ಮೈಮೇಲಿನ ಗುರುತು ಮುಂತಾದ ಅಂಕಣಗಳಿವೆ. ಎಲ್ಲ ಅಂಕಣಗಳೂ ಎಲ್ಲ ಹಡಗುಗಳಲ್ಲಿಯೂ ತುಂಬಿಲ್ಲ. ಒಂದೇ ಕುಟುಂಬದವರಿಗೆ ಸಾಮಾನ್ಯವಾಗಿ ಒಂದರ ಹಿಂದೊಂದು ಸಂಖ್ಯೆ ಬಿದ್ದಿರುತ್ತದೆ. ಆದುದರಿಂದ ಮಗುವಿನ ಸಾಲು ದೊರೆತ ಕೂಡಲೇ ಅದರ ಮೇಲಿನ ಮತ್ತು ಕೆಳಗಿನ ಸಾಲುಗಳನ್ನೂ ಓದಬೇಕು. ತಾಯಿ, ಅಣ್ಣ, ತಂಗಿ ಅಲ್ಲಿಯೇ ಇರಬಹುದು.

ಈ ದಾಖಲೆಗಳು ಡರ್ಬನ್ನಿನ ದಾಖಲಾಗಾರದಲ್ಲಿವೆ. ಅವುಗಳ ಆಧಾರದ ಮೇಲೆ ಗಣಕಕ್ಕೆ ಅಳವಡಿಸಿದ ಪಟ್ಟಿಗಳನ್ನು ಅಲ್ಲಿಯ ವಿಶ್ವವಿದ್ಯಾನಿಲಯದ ಗಾಂಧಿ-ಲುಥುಲಿ ದಾಖಲೆ ಕೇಂದ್ರ ಇರಿಸಿಕೊಂಡಿದೆ. ಮಾರಿಷಸ್ಸಿನ ವಲಸೆ ದಾಖಲೆಗಳು ಮೋಕಾ ಊರಿನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿವೆ. ಅವುಗಳಲ್ಲಿ ವಲಸಿಗರ ಭಾವಚಿತ್ರಗಳೂ ಉಂಟು. ಯುನೆಸ್ಕೋ ಸಂಸ್ಥೆಯು ಆ ದಾಖಲೆಗಳನ್ನು ೨೦೧೫ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಫಿಜಿಯ ವಲಸೆ ರಹದಾರಿಗಳು ಅಲ್ಲಿಯ ರಾಷ್ಟ್ರೀಯ ದಾಖಲಾಗಾರದಲ್ಲಿವೆ. ತಲೆಗೊಂದರಂತೆ ಇರುವ ಆ ರಹದಾರಿಯಲ್ಲಿ ಊರಿನಲ್ಲಿ ಉಳಿದ ಹತ್ತಿರದ ಬಂಧುವಿನ ಹೆಸರಿಗೂ ಒಂದು ಸ್ಥಳವುಂಟು.

ಹೆಸರಿನ ತೊಡಕು, ಊರಿನ ತೊಡಕು

ಕನ್ನಡದ ಹೆಸರು ತಮಿಳು ಬಲ್ಲ ದುಭಾಷಿಯ ಕಿವಿಯನ್ನು ಹೊಕ್ಕು ಇಂಗ್ಲಿಷ್ ಬಲ್ಲ ಗುಮಾಸ್ತನ ಲೇಖನಿಯಿಂದ ಹೊರಬಂದಾಗ ರೂಪ ಬದಲಾಗುತ್ತದೆ. ಹಕಾರ ಬಿಟ್ಟುಹೋಗಿ ಹನುಮಕ್ಕ 'ಅನುಮಕ್ಕ' ಆಗಬಹುದು. ಮುನಿಯಪ್ಪನು 'ಮುನಿಯಾಪೆನ್' ಆಗಬಹುದು. ಈ ಸೀಮೆಯಲ್ಲಿ ಮನೆತನದ ಹೆಸರನ್ನು ಕಡೆಗೆ ಸೇರಿಸುವ ವಾಡಿಕೆ ಇರಲಿಲ್ಲ. ಪರದೇಶದಲ್ಲಿ ತಂದೆಯ ಹೆಸರೇ ಮಕ್ಕಳ ಉಪನಾಮವಾಗಿ, ಮುಂದೆ ತಲೆತಲಾಂತರಕ್ಕೂ ನಿಂತಿತು. ಇಂದು ಅಲ್ಲಿಂದ ಬಂದವರು ಹೇಳುವ ಮನೆತನದ ಹೆಸರು ಊರಿನಲ್ಲಿ ಯಾರಿಗೂ ಪರಿಚಯವಿಲ್ಲದಿರುವುದಕ್ಕೆ ಇದೇ ಕಾರಣ. ಅದು ಒಬ್ಬ ವ್ಯಕ್ತಿಯ ಹೆಸರೆಂದು ತಿಳಿದು ಹುಡುಕಬೇಕು.

ಊರಿನ ಹೆಸರುಗಳಲ್ಲಿ ತೊಡಕು ಇನ್ನೂ ಹೆಚ್ಚು. ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾದದ್ದು ೧೯೮೬ರಲ್ಲಿ. ಹಳೆಯ ಪಟ್ಟಿಗಳಲ್ಲಿ ಆ ಹೆಸರನ್ನು ಹುಡುಕಬಾರದು. 'ಮೈಸೂರು' ಎಂದು ಬರೆದಿದ್ದರೆ ಅದು ನಗರವೂ ಆಗಬಹುದು, ಇಡೀ ಸಂಸ್ಥಾನವೂ ಆಗಬಹುದು. 'ಬಳ್ಳಾಪುರ' ಎಂದಷ್ಟೇ ಇದ್ದರೆ ದೊಡ್ಡದೋ ಚಿಕ್ಕದೋ ತಿಳಿಯದು. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರವೂ ಚನ್ನರಾಯಪಟ್ಟಣವೂ ಇವೆ. ಮೊದಲನೆಯದು ಉತ್ತರದ ಬಿಜಾಪುರವೆಂದೂ ಎರಡನೆಯದು ಹಾಸನ ಜಿಲ್ಲೆಯದೆಂದೂ ಭ್ರಮೆ ಹುಟ್ಟಿಸಬಲ್ಲವು. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯನ್ನು ಇಂಗ್ಲಿಷಿನಲ್ಲಿ ಓದಿದವನು ತಮಿಳುನಾಡಿನ ಮಧುರೆಗೆ ಹೊರಟುಬಿಡಬಹುದು. ಇನ್ನು ಹೊಸಹಳ್ಳಿ, ಕೊಡಿಗೇಹಳ್ಳಿ ಎಂಬ ಹೆಸರುಗಳಂತೂ ತಾಲ್ಲೂಕು ತಾಲ್ಲೂಕಿಗೂ ಸಿಕ್ಕುತ್ತವೆ. ಆದುದರಿಂದ ಗ್ರಾಮದ ಹೆಸರನ್ನು ಠಾಣೆಯ ಹೆಸರಿನೊಂದಿಗೆ ಕೂಡಿಸಿ, ತ್ಯಾಮಗೊಂಡ್ಲು, ಸೂಲಿಬೆಲೆ, ತೂಬಗೆರೆ, ಕುಂದಾಣಗಳಂಥ ಹೋಬಳಿಗಳ ಗ್ರಾಮಪಟ್ಟಿಯೊಂದಿಗೆ ಹೋಲಿಸಿ, ಆ ಬಳಿಕವೇ ನಿರ್ಧರಿಸಬೇಕು.

ಊರಿನಲ್ಲಿ ವಿಚಾರಿಸುವ ಕ್ರಮ

ಊರು ಗೊತ್ತಾದ ಮೇಲೆ ಮೊದಲು ನೆನಪಾಗಬೇಕಾದವರು ಹೆಳವರು. ಎತ್ತನ್ನೇರಿ ಊರೂರು ಸುತ್ತಿ, ಒಕ್ಕಲು ಮನೆಗಳ ವಂಶಾವಳಿಯನ್ನು ಹಾಡಿ ಹೇಳಿ, ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುವ ಈ ಜನ ಕನ್ನಡ ನಾಡಿನ ನಡೆದಾಡುವ ದಾಖಲೆಗಳು. ಲಿಂಗಾಯತ, ಒಕ್ಕಲಿಗ, ಕುರುಬ ಮೊದಲಾದ ಸಮುದಾಯಗಳಿಗೆ ಹೆಳವರುಂಟು. ಹಿರಿಯರು ಇಸವಿಯನ್ನು ಹೇಳದೆ ಸಂವತ್ಸರವನ್ನು ಹೇಳಿದರೆ ನಿರಾಶರಾಗಬೇಕಾಗಿಲ್ಲ. ಧಾತು ಸಂವತ್ಸರ ೧೮೭೬-೭೭ರಲ್ಲಿ ಬಂದಿತು. ಅರವತ್ತು ವರ್ಷಗಳ ಚಕ್ರದಲ್ಲಿ ಮತ್ತೆ ಬಂದದ್ದು ೧೯೩೬-೩೭ರಲ್ಲಿ. ಎರಡರಲ್ಲಿ ಯಾವುದೆಂಬುದನ್ನು ತಲೆಮಾರುಗಳ ಎಣಿಕೆ ತಿಳಿಸುತ್ತದೆ.

ಎರಡನೆಯ ಆಧಾರ ಮನೆದೇವರು. ಭಾಷೆ ಮರೆತ ಕುಟುಂಬವೂ ದೇವರ ಹೆಸರನ್ನು ಉಳಿಸಿಕೊಂಡಿರುವುದುಂಟು. ಶಿವಗಂಗೆಯ ಗಂಗಾಧರೇಶ್ವರನ ಒಕ್ಕಲೋ ಘಾಟಿಯ ಸುಬ್ರಹ್ಮಣ್ಯನ ಒಕ್ಕಲೋ ಎಂಬುದು ತಿಳಿದರೆ ಹುಡುಕುವ ಸೀಮೆ ಕಿರಿದಾಗುತ್ತದೆ. ಲಿಂಗಾಯತ ಮನೆತನವಾದರೆ ಅದರ ಬೆಡಗನ್ನೂ ಗುರುಮನೆಯನ್ನೂ ವಿಚಾರಿಸಬೇಕು. ಮೂರನೆಯದು ಹಳೆಯ ಭೂದಾಖಲೆ.

ಆದರೆ ಇಲ್ಲಿ ಒಂದು ಸತ್ಯವನ್ನು ಮರೆಮಾಚದೆ ಹೇಳಬೇಕು. ಹೆಳವರು ಎಲ್ಲ ಮನೆಗಳಿಗೂ ಇಲ್ಲ. ಹೊಲವಿಲ್ಲದವನ ಹೆಸರು ಖಾತೆಯಲ್ಲಿಲ್ಲ. ವಂಶಾವಳಿ ಗಂಡುಸಂತಾನವನ್ನು ಎಣಿಸಿದಂತೆ ಹೆಣ್ಣುಮಗುವನ್ನು ಎಣಿಸುವುದಿಲ್ಲ. ಹಡಗೇರಿದವರಲ್ಲಿ ಅನೇಕರು ಹೊಲವಿಲ್ಲದವರು, ಅಸ್ಪೃಶ್ಯರೆನಿಸಿಕೊಂಡವರು. ಊರು ತನ್ನ ಯಾವ ಕಡತದಲ್ಲಿಯೂ ಬರೆದುಕೊಳ್ಳದ ಕೂಲಿಯ ಮಗಳನ್ನು ಪರದೇಶದ ಗುಮಾಸ್ತನು ಹೆಸರು, ತಂದೆ, ಗ್ರಾಮ, ಗಲ್ಲದ ಮೇಲಿನ ಮಚ್ಚೆಯ ಸಮೇತ ಬರೆದಿಟ್ಟನು. ಅವನ ಉದ್ದೇಶ ಕರುಣೆಯಲ್ಲ, ಆಳಿನ ಲೆಕ್ಕ. ಆದರೂ ಆ ಮಗು ಈ ಮಣ್ಣಿನಲ್ಲಿ ಹುಟ್ಟಿತ್ತೆಂಬುದಕ್ಕೆ ಇಂದು ಉಳಿದಿರುವ ಬರಹದ ಸಾಕ್ಷಿ ಬಹುಶಃ ಅದೊಂದೇ. ಅಂಥ ಕುಟುಂಬದವರು ಕೇರಿಗೆ ಬಂದು ವಿಚಾರಿಸಿದಾಗ ಊರಿನವರಿಂದ ದೊರೆಯಬೇಕಾದುದು ಉಳಿದವರಿಗೆ ದೊರೆಯುವ ಆದರವೇ.

ಶಾಲೆಗಳ ಪಾಲಿನ ಕೆಲಸ

ಪರದೇಶದಿಂದ ಮೂಲ ಹುಡುಕಿಕೊಂಡು ಬರುವವರು ಹಳ್ಳಿಯಲ್ಲಿ ಬಹುಮಟ್ಟಿಗೆ ಮೊದಲು ಕಾಣುವುದು ಶಾಲೆಯ ಉಪಾಧ್ಯಾಯರನ್ನು. ಆಸ್ತಿಯಲ್ಲಿ ಪಾಲು ಕೇಳಲು ಬಂದರೇನೋ ಎಂಬ ಶಂಕೆಯಿಂದ ಊರಿನವರು ಬಾಯಿ ಬಿಡದಿರುವುದುಂಟು. ಬಂದವರ ಆಸೆಗೆ ಕರಗಿ, ಆಧಾರವಿಲ್ಲದೆ 'ಇದೇ ನಿಮ್ಮ ಮನೆ' ಎಂದು ತೋರಿಸಿಬಿಡುವುದೂ ಉಂಟು. ಎರಡೂ ತಪ್ಪು. ಸುಳ್ಳು ನೆಂಟಸ್ತಿಕೆ ಬಂದವರ ನಿಜವಾದ ಊರನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಹೆಸರು, ತಂದೆಯ ಹೆಸರು, ಗ್ರಾಮ, ಕಾಲ ಈ ನಾಲ್ಕರಲ್ಲಿ ಮೂರಾದರೂ ಹೊಂದುವವರೆಗೆ 'ಇರಬಹುದು' ಎಂಬ ಮಾತಿನಲ್ಲಿಯೇ ನಿಲ್ಲುವುದು ವಿವೇಕ. ಹಿರಿಯ ವಿದ್ಯಾರ್ಥಿಗಳು ತಮ್ಮ ತಮ್ಮ ಹಳ್ಳಿಗಳ ಹೆಳವರ ಹಾಡಿಕೆಯನ್ನು ಧ್ವನಿಮುದ್ರಿಸಿ, ಹಳೆಯ ಕಡತಗಳ ಪ್ರತಿ ತೆಗೆದು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದರೆ, ದಾನಿಗಳು ಅವನ್ನು ಕಾಪಾಡಲು ಒಂದು ಕಪಾಟನ್ನೂ ಅದರ ವೆಚ್ಚವನ್ನೂ ಒದಗಿಸಿದರೆ, ಅದು ಕಟ್ಟಡದ ದಾನಕ್ಕೆ ಕಡಮೆಯಾದುದಲ್ಲ.

ಇನ್ನೊಂದು ಕೆಲಸ ದಿನನಿತ್ಯದ್ದು. ದೇವನಹಳ್ಳಿ, ಹೊಸಕೋಟೆಗಳ ಸುತ್ತ ಕಟ್ಟಡದ ಕೆಲಸಕ್ಕೂ ಇಟ್ಟಿಗೆಗೂಡುಗಳ ಕೆಲಸಕ್ಕೂ ದೂರದ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಕುಟುಂಬಗಳು ಬಂದು ನೆಲೆಸುತ್ತವೆ. ಅವರ ಮಕ್ಕಳು ಒಂದು ವರ್ಷ ಇಲ್ಲಿ, ಮರುವರ್ಷ ಇನ್ನೆಲ್ಲಿಯೋ. ಅಂಥ ಮಗುವಿನ ಹೆಸರನ್ನು ಅದರ ತಾಯಿ ಉಚ್ಚರಿಸುವಂತೆಯೇ ದಾಖಲಾತಿ ಪುಸ್ತಕದಲ್ಲಿ ಬರೆಯಬೇಕು. ಊರು, ತಾಲ್ಲೂಕು, ಜಿಲ್ಲೆಗಳನ್ನು ಕೇಳಿ ಪೂರ್ತಿಯಾಗಿ ತುಂಬಬೇಕು. ಅಂಕಣ ಖಾಲಿ ಬಿಡುವುದು ಸುಲಭ. ಅದನ್ನು ನೂರು ವರ್ಷದ ತರುವಾಯ ತುಂಬುವುದು ಎಷ್ಟು ಕಷ್ಟವೆಂಬುದನ್ನು ಹಡಗುಪಟ್ಟಿಗಳು ತೋರಿಸಿಕೊಟ್ಟಿವೆ.