ಹಲ್ಲಿಗೆ ಪಿಂಗಾಣಿ ಪದರ: ಮೊದಲೇ ತಿಳಿದಿರಲಿ

ನಾನು ಸಾಲೋಟಗಿಯವನು. ಚಿಕ್ಕಂದಿನಿಂದಲೂ ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ನಮ್ಮ ವಿಜಯಪುರ ಜಿಲ್ಲೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ರೂಪುಗೊಳ್ಳುವಾಗ, ಅಂದರೆ ಸುಮಾರು 8 ವರ್ಷದೊಳಗೆ, ಅಂಥ ನೀರು ಕುಡಿದರೆ ಬರುವ ಈ ಕಲೆಯೇ ದಂತ ಫ್ಲೋರೋಸಿಸ್. ಎಷ್ಟು ಉಜ್ಜಿದರೂ ಹೋಗದು.

ಆಪಾಳ ಮದುವೆಗೆ ಮೊದಲು ವೆನೀರ್ ಹಾಕಿಸಿಕೊಡಿ ಎಂದು ಅಬ್ಬಾಗೆ ಗಂಟುಬಿದ್ದೆ. ದಂತವೈದ್ಯರು ವಿವರಿಸಿದ ಮೇಲೆ ವಿಷಯ ತಿಳಿಯಿತು.

ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಪದರ. ಅದನ್ನು ಕೂರಿಸಲು ಸಾಮಾನ್ಯವಾಗಿ ಸುಮಾರು ಅರ್ಧ ಮಿಲಿಮೀಟರ್ ಎನಾಮಲ್ ಸವೆಸಿ ತೆಗೆಯುತ್ತಾರೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಪದರ 10-15 ವರ್ಷ ಬಾಳಬಹುದು; ಆಮೇಲೆ ಬದಲಿಸಬೇಕು. 17ನೇ ವಯಸ್ಸಿಗೇ ಹಾಕಿಸಿದರೆ ಎಷ್ಟು ಸಲ ಬದಲಿಸಬೇಕಾದೀತು, ಲೆಕ್ಕ ಹಾಕಿ.

ಹುಳುಕು, ವಸಡಿನ ರೋಗವಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರ ಪದರ ಒಡೆಯಬಹುದು. ಕಲೆ ಮೇಲ್ಪದರದಲ್ಲೇ ಇದ್ದರೆ ಮೈಕ್ರೋಅಬ್ರೇಷನ್, ಬ್ಲೀಚಿಂಗ್ ಸಾಕಾಗಬಹುದು. ನಾನು ಅದನ್ನೇ ಮಾಡಿಸಿದೆ. ಕಲೆ ಪೂರ್ತಿ ಹೋಗಲಿಲ್ಲ, ಮಸುಕಾಯಿತು. ಮದುವೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕೆ.

ಗೆಳೆಯರೆ, ಮನೆಯಲ್ಲಿ ಚಿಕ್ಕ ತಮ್ಮ-ತಂಗಿಯರಿದ್ದರೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನೀರು ಕುದಿಸಿದರೆ ಅದು ಹೋಗುವುದಿಲ್ಲ, ನೆನಪಿರಲಿ.