ಎಣ್ಣೆ ಉದ್ಯಮದಲ್ಲಿ ಹೆಕ್ಸೇನ್ ದ್ರಾವಕ: ಅಪಾಯಗಳು ಮತ್ತು ಆಪತ್ಕಾಲದ ಕ್ರಮಗಳು

ನಮ್ಮ ಅಡುಗೆಮನೆಗೆ ಬೇಕಾದ ಎಣ್ಣೆಯೆಲ್ಲವೂ ಗಾಣದಿಂದಲೇ ಬರುತ್ತಿದ್ದ ಕಾಲವೊಂದಿತ್ತು. ಎತ್ತು ಕಟ್ಟಿದ ಗಾಣವು ಹಿಂದೆ ಸರಿದು ಯಂತ್ರದ ಗಾಣವು ಬಂದಿತು. ಅದರ ಬೆನ್ನಿಗೇ ದ್ರಾವಕದ ನೆರವಿನಿಂದ ಎಣ್ಣೆಯನ್ನು ಸೆಳೆಯುವ ಕಾರ್ಖಾನೆಗಳೂ ಬಂದವು. ಶೇಂಗಾ ವ್ಯಾಪಾರಕ್ಕೆ ಹೆಸರಾದ ಚಳ್ಳಕೆರೆಯ ಸೀಮೆ, ಭತ್ತದ ಕಣಜವೆನಿಸಿದ ಗಂಗಾವತಿ ಮತ್ತು ಸಿಂಧನೂರಿನ ಸೀಮೆ ಮುಂತಾದೆಡೆಗಳಲ್ಲಿ ಹಿಂಡಿ ಮತ್ತು ತೌಡುಗಳು ಹೇರಳವಾಗಿ ದೊರೆಯುತ್ತವೆ. ಇಂಥ ಸೀಮೆಗಳ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಈ ಉದ್ಯಮದಲ್ಲಿಯೇ ನೌಕರಿ ಹಿಡಿಯುವವರು; ಇನ್ನು ಹಲವರು ಅಂಥ ಕಾರ್ಖಾನೆಯ ಆಸುಪಾಸಿನಲ್ಲಿಯೇ ಬಾಳುವವರು. ಆದುದರಿಂದ ಆ ಕಾರ್ಖಾನೆಯೊಳಗೆ ಹರಿಯುವ ಹೆಕ್ಸೇನ್ ಎಂಬ ದ್ರವದ ಗುಣದೋಷಗಳನ್ನು ಅರಿಯುವುದು ಕೇವಲ ಪರೀಕ್ಷೆಯ ವಿಷಯವಲ್ಲ, ಪ್ರಾಣರಕ್ಷಣೆಯ ವಿಷಯವೂ ಆಗಿದೆ.

1. ದ್ರಾವಕದ ಕಾರ್ಯ

ಯಂತ್ರದ ಗಾಣವು ಕಾಳನ್ನು ಎಷ್ಟೇ ಬಲವಾಗಿ ಹಿಂಡಿದರೂ ಹಿಂಡಿಯಲ್ಲಿ ನೂರಕ್ಕೆ ಆರೇಳು ಭಾಗದಷ್ಟು ಎಣ್ಣೆ ಉಳಿದೇ ಉಳಿಯುತ್ತದೆ. ಭತ್ತದ ತೌಡಿನಲ್ಲಿ ಶೇಕಡಾ 15ರಿಂದ 20ರಷ್ಟು ಎಣ್ಣೆಯಿದ್ದರೂ ಅದನ್ನು ಗಾಣದಿಂದ ತೆಗೆಯುವುದು ಲಾಭದಾಯಕವಲ್ಲ. ಇಲ್ಲಿ ಹೆಕ್ಸೇನ್ ನೆರವಿಗೆ ಬರುತ್ತದೆ. ಹಿಂಡಿಯ ಅಥವಾ ತೌಡಿನ ಮೇಲೆ ಬಿಸಿ ಮಾಡಿದ ಹೆಕ್ಸೇನನ್ನು ಹರಿಸಿದರೆ ಅದು ಎಣ್ಣೆಯನ್ನು ತನ್ನಲ್ಲಿ ಕರಗಿಸಿಕೊಂಡು ಹೊರಬರುತ್ತದೆ. ಹಿಂಡಿಯಲ್ಲಿ ಉಳಿಯುವ ಎಣ್ಣೆ ಶೇಕಡಾ ಒಂದರ ಆಸುಪಾಸಿಗೆ ಇಳಿಯುತ್ತದೆ. ಅನಂತರ ಈ ಮಿಶ್ರಣವನ್ನು ಹಬೆಯಿಂದ ಕಾಯಿಸಿದಾಗ ಹೆಕ್ಸೇನ್ ಆವಿಯಾಗಿ ಮೇಲೇರುತ್ತದೆ, ಎಣ್ಣೆ ಕೆಳಗುಳಿಯುತ್ತದೆ. ಆ ಆವಿಯನ್ನು ತಣ್ಣೀರಿನ ಕೊಳವೆಗಳ ನಡುವೆ ಹಾಯಿಸಿ ಮತ್ತೆ ದ್ರವವನ್ನಾಗಿ ಮಾಡಿ, ಪುನಃ ಅದೇ ಕಾರ್ಯಕ್ಕೆ ಬಳಸುತ್ತಾರೆ. ಹೀಗೆ ಒಂದೇ ದ್ರವವು ಹಗಲಿರುಳು ಚಕ್ರದಂತೆ ಸುತ್ತುತ್ತಿರುತ್ತದೆ. ಈ ಚಕ್ರದಿಂದ ಅದು ಹೊರಗೆ ತಪ್ಪಿಸಿಕೊಂಡ ಗಳಿಗೆಯೇ ಅಪಾಯದ ಗಳಿಗೆ.

2. ಹೆಕ್ಸೇನಿನ ಗುಣಧರ್ಮಗಳು

ಹೆಕ್ಸೇನ್ ಕಚ್ಚಾ ಪೆಟ್ರೋಲಿಯಮಿನಿಂದ ದೊರೆಯುವ ಒಂದು ಹೈಡ್ರೋಕಾರ್ಬನ್. ಇದರ ಒಂದು ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳೂ ಹದಿನಾಲ್ಕು ಜಲಜನಕದ ಪರಮಾಣುಗಳೂ ಇವೆ, ಅಣುಭಾರ 86. ನೋಡಲು ನೀರಿನಂತೆ ತಿಳಿಯಾಗಿದ್ದು, ಪೆಟ್ರೋಲಿನ ಮಂದವಾದ ವಾಸನೆಯುಳ್ಳದ್ದು. ಇದರ ನಾಲ್ಕು ಗುಣಗಳನ್ನು ನೆನಪಿನಲ್ಲಿ ಇಡಬೇಕು.

ಮೊದಲನೆಯದಾಗಿ, ಇದು ಸುಮಾರು 69 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಕುದಿಯುವ ಮೊದಲೇ, ಸಾಮಾನ್ಯ ಹವೆಯಲ್ಲಿಯೇ, ಬೇಗ ಬೇಗ ಆವಿಯಾಗುತ್ತದೆ.

ಎರಡನೆಯದಾಗಿ, ಇದರ ಜ್ವಲನಬಿಂದು ಸೊನ್ನೆಗಿಂತ ಕೆಳಗೆ ಸುಮಾರು 22 ಡಿಗ್ರಿ ಸೆಲ್ಸಿಯಸ್. ಯಾವ ಉಷ್ಣತೆಯಲ್ಲಿ ದ್ರವದ ಮೇಲ್ಮೈಯಿಂದ ಏಳುವ ಆವಿಯು ಕಿಡಿ ತಗುಲಿದೊಡನೆ ಹೊತ್ತಿಕೊಳ್ಳಬಲ್ಲುದೋ ಅದಕ್ಕೆ ಜ್ವಲನಬಿಂದು ಎನ್ನುತ್ತಾರೆ. ನಮ್ಮ ನಾಡಿನ ಅತ್ಯಂತ ಚಳಿಯ ಮುಂಜಾವಿನಲ್ಲಿಯೂ ಹೆಕ್ಸೇನ್ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆಂದು ಇದರ ಅರ್ಥ. ಭಾರತದ ಪೆಟ್ರೋಲಿಯಂ ಕಾನೂನಿನಲ್ಲಿ ಜ್ವಲನಬಿಂದುವು 23 ಡಿಗ್ರಿಗಿಂತ ಕೆಳಗಿರುವ ದ್ರವಗಳನ್ನು 'ಎ' ವರ್ಗಕ್ಕೆ ಸೇರಿಸಿದ್ದಾರೆ. ಹೆಕ್ಸೇನ್ ಈ ವರ್ಗದ್ದು.

ಮೂರನೆಯದಾಗಿ, ಇದರ ಆವಿಯು ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಗಾಳಿಯ ಸರಾಸರಿ ಅಣುಭಾರ 29. 86ನ್ನು 29ರಿಂದ ಭಾಗಿಸಿದರೆ ಈ ಲೆಕ್ಕ ದೊರೆಯುತ್ತದೆ. ಆದುದರಿಂದ ಈ ಆವಿಯು ಹೊಗೆಯಂತೆ ಮೇಲಕ್ಕೆ ಹೋಗದೆ ನೀರಿನಂತೆ ನೆಲವನ್ನು ಹಿಡಿದು ಹರಿಯುತ್ತದೆ. ತಗ್ಗು, ಗುಂಡಿ, ಚರಂಡಿಗಳಲ್ಲಿ ಮಡುಗಟ್ಟುತ್ತದೆ. ದೂರದಲ್ಲಿರುವ ಒಲೆಯನ್ನು ಮುಟ್ಟಿದರೆ ಅಲ್ಲಿಂದ ಜ್ವಾಲೆಯು ಬಂದ ದಾರಿಯಲ್ಲಿಯೇ ಹಿಂದಿರುಗಿ ಮೂಲವನ್ನು ಸೇರುತ್ತದೆ.

ನಾಲ್ಕನೆಯದಾಗಿ, ದ್ರವರೂಪದ ಹೆಕ್ಸೇನ್ ನೀರಿಗಿಂತ ಹಗುರ, ಅದರ ಸಾಪೇಕ್ಷ ಸಾಂದ್ರತೆ ಸುಮಾರು 0.66, ನೀರಿನಲ್ಲಿ ಕರಗುವುದೂ ಇಲ್ಲ. ಅದು ನೀರಿನ ಮೇಲೆ ತೇಲಿಕೊಂಡು, ನೀರು ಹೋದಲ್ಲಿಗೆಲ್ಲ ಹೋಗುತ್ತದೆ.

3. ಒಂದು ಸಣ್ಣ ಲೆಕ್ಕ

ಗಾಳಿಯಲ್ಲಿ ಹೆಕ್ಸೇನ್ ಆವಿಯ ಪ್ರಮಾಣವು ಶೇಕಡಾ 1.1ರಿಂದ 7.5ರವರೆಗೆ ಇದ್ದಾಗ ಆ ಮಿಶ್ರಣವು ಸ್ಫೋಟಿಸಬಲ್ಲದು. ಅದಕ್ಕಿಂತ ಕಡಿಮೆಯಾದರೆ ಇಂಧನ ಸಾಲದು. ಹೆಚ್ಚಾದರೆ ಆಮ್ಲಜನಕ ಸಾಲದು. ಶೇಕಡಾ 1.1 ಎಂಬುದು ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿದಾಗ ನಿಜಸ್ಥಿತಿ ಗೊತ್ತಾಗುತ್ತದೆ.

ಒಂದು ಲೀಟರು ಹೆಕ್ಸೇನಿನ ತೂಕ ಸುಮಾರು 660 ಗ್ರಾಂ. ಇದನ್ನು 86ರಿಂದ ಭಾಗಿಸಿದರೆ ಸುಮಾರು 7.7 ಮೋಲ್ ಆಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಮೋಲ್ ಆವಿಯು ಸುಮಾರು 24.5 ಲೀಟರು ಸ್ಥಳವನ್ನು ವ್ಯಾಪಿಸುವುದರಿಂದ ಒಟ್ಟು ಆವಿಯು ಸುಮಾರು 188 ಲೀಟರು. ಇಷ್ಟು ಆವಿಯು ಶೇಕಡಾ 1.1ರ ಪ್ರಮಾಣದಲ್ಲಿ ಗಾಳಿಯೊಡನೆ ಬೆರೆತರೆ ದೊರೆಯುವ ಮಿಶ್ರಣ ಸುಮಾರು 17,000 ಲೀಟರು, ಅಂದರೆ 17 ಘನಮೀಟರು. ಎರಡೂವರೆ ಮೀಟರು ಉದ್ದ, ಅಷ್ಟೇ ಅಗಲ ಮತ್ತು 2.7 ಮೀಟರು ಎತ್ತರದ ಒಂದು ಕೋಣೆಯನ್ನು ಸ್ಫೋಟಕವನ್ನಾಗಿ ಮಾಡಲು ಕೇವಲ ಒಂದು ಲೀಟರು ಹೆಕ್ಸೇನ್ ಸಾಕೆಂದಾಯಿತು. ವಾಸ್ತವದಲ್ಲಿ ಆವಿಯು ನೆಲಮಟ್ಟದಲ್ಲಿಯೇ ದಟ್ಟವಾಗಿರುವುದರಿಂದ ಇನ್ನೂ ಕಡಿಮೆ ದ್ರವದಿಂದಲೂ ಅನಾಹುತವಾಗಬಲ್ಲದು.

4. ಕಿಡಿಯ ಮೂಲಗಳು

ಬೀಡಿ, ಬೆಂಕಿಕಡ್ಡಿ, ಬೆಸುಗೆಯ ಜ್ವಾಲೆ ಇವು ಎಲ್ಲರಿಗೂ ತಿಳಿದ ಮೂಲಗಳು. ಆದರೆ ಕಣ್ಣಿಗೆ ಬೀಳದ ಮೂಲಗಳೇ ಹೆಚ್ಚು ಘಾತಕವಾದವು. ವಿದ್ಯುತ್ ಗುಂಡಿಯನ್ನು ಒತ್ತಿದಾಗಲೂ, ಆರಿಸಿದಾಗಲೂ ಒಳಗೆ ಸಣ್ಣ ಕಿಡಿಯೊಂದು ಹುಟ್ಟುತ್ತದೆ. ಕಬ್ಬಿಣದ ಸುತ್ತಿಗೆ ಕಬ್ಬಿಣಕ್ಕೆ ಬಡಿದರೆ ಕಿಡಿ ಹಾರುತ್ತದೆ. ಹೆಕ್ಸೇನ್ ಕೊಳವೆಯಲ್ಲಿ ವೇಗವಾಗಿ ಹರಿಯುವಾಗ ಘರ್ಷಣೆಯಿಂದ ಸ್ಥಾಯೀ ವಿದ್ಯುತ್ತು ಸಂಚಯವಾಗುತ್ತದೆ. ಈ ದ್ರವವು ವಿದ್ಯುತ್ತಿಗೆ ಉತ್ತಮ ವಾಹಕವಲ್ಲವಾದ್ದರಿಂದ ಆ ವಿದ್ಯುತ್ತು ಸುಲಭವಾಗಿ ಹರಿದುಹೋಗದೆ ಕಿಡಿಯಾಗಿ ಸಿಡಿಯಬಹುದು. ಆದುದರಿಂದಲೇ ಟ್ಯಾಂಕರಿನಿಂದ ದ್ರವವನ್ನು ಇಳಿಸುವ ಮೊದಲು ಟ್ಯಾಂಕರಿಗೂ ನೆಲದ ಟಾಕಿಗೂ ಭೂಸಂಪರ್ಕದ ತಂತಿಯನ್ನು ಜೋಡಿಸುತ್ತಾರೆ, ಮತ್ತು ದ್ರವವನ್ನು ನಿಧಾನವಾಗಿ ಹರಿಸುತ್ತಾರೆ. ದ್ರಾವಕದ ವಿಭಾಗದಲ್ಲಿ ಜ್ವಾಲಾನಿರೋಧಕ ಮೋಟಾರು, ದೀಪಗಳನ್ನೂ, ಕಿಡಿ ಹಾರಿಸದ ಹಿತ್ತಾಳೆಯಂಥ ಲೋಹದ ಉಪಕರಣಗಳನ್ನೂ ಬಳಸುವುದು ಇದೇ ಕಾರಣಕ್ಕಾಗಿ. ಮೊಬೈಲ್ ದೂರವಾಣಿಯನ್ನು ದ್ವಾರದಲ್ಲಿಯೇ ಬಿಟ್ಟು ಒಳಹೋಗಬೇಕೆಂಬ ನಿಯಮವೂ ಈ ಕಾರಣದಿಂದಲೇ ಬಂದುದು.

5. ಲೂಯಿವಿಲ್ ನಗರದ ಪಾಠ

ಮೇಲೆ ಹೇಳಿದ ಗುಣಗಳೆಲ್ಲವೂ ಒಂದೇ ಘಟನೆಯಲ್ಲಿ ಕಾಣಿಸಿಕೊಂಡುದು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ. ಅಲ್ಲಿ ರಾಲ್ಸ್ಟನ್ ಪ್ಯೂರಿನಾ ಸಂಸ್ಥೆಯ ಸೋಯಾಬೀನ್ ಎಣ್ಣೆಯ ಕಾರ್ಖಾನೆಯಿಂದ ಸಾವಿರಾರು ಗ್ಯಾಲನ್ ಹೆಕ್ಸೇನ್ ನಗರದ ಒಳಚರಂಡಿಯನ್ನು ಸೇರಿತು. ಕೊಳಚೆ ನೀರಿನ ಮೇಲೆ ತೇಲುತ್ತ ಅದು ಸಾಗಿತು; ಅದರ ಆವಿಯು ಕೊಳವೆಯ ಖಾಲಿ ಭಾಗವನ್ನು ತುಂಬಿತು; ಅಲ್ಲಲ್ಲಿ ರಸ್ತೆಯ ಮೇಲಕ್ಕೂ ಹೊರಟಿತು. 1981ರ ಫೆಬ್ರವರಿ 13ರ ನಸುಕಿನಲ್ಲಿ, ಐದು ಗಂಟೆ ದಾಟಿದ ಹೊತ್ತಿಗೆ, ಆಸ್ಪತ್ರೆಯ ಕೆಲಸಕ್ಕೆಂದು ಕಾರಿನಲ್ಲಿ ಹೊರಟಿದ್ದ ಇಬ್ಬರು ಮಹಿಳೆಯರು ಅಂಥದೊಂದು ಸ್ಥಳವನ್ನು ಹಾದರು. ಕಾರಿನ ಕಿಡಿಯೇ ಸಾಕಾಯಿತು. ನೆಲದಡಿಯ ಕೊಳವೆಗಳು ಒಂದಾದ ಮೇಲೊಂದರಂತೆ ಸ್ಫೋಟಿಸಿ ಎರಡು ಮೈಲಿಗೂ ಹೆಚ್ಚು ಉದ್ದದ ಬೀದಿಗಳು ಬಿರಿದವು. ಆಳುಗುಂಡಿಗಳಿದ್ದಲ್ಲಿ ದೊಡ್ಡ ಕುಳಿಗಳು ಬಿದ್ದವು. ಬೀದಿಗಳು ನಿರ್ಜನವಾಗಿದ್ದ ಹೊತ್ತಾದುದರಿಂದ ಪ್ರಾಣಹಾನಿಯಾಗಲಿಲ್ಲ. ಅದೇ ಹಗಲು ಹೊತ್ತಿನಲ್ಲಿ ಆಗಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು.

ಊಹೆಯ ಅಗತ್ಯವೂ ಇಲ್ಲದಂತೆ ಹನ್ನೊಂದು ವರ್ಷಗಳ ಅನಂತರ ಮೆಕ್ಸಿಕೋ ದೇಶದ ಗ್ವಾಡಲಹಾರ ನಗರದಲ್ಲಿ ಅದು ಹಗಲಿನಲ್ಲಿಯೇ ನಡೆಯಿತು. 1992ರ ಏಪ್ರಿಲ್ 22ರಂದು ಅಲ್ಲಿಯ ಒಳಚರಂಡಿಗಳು ಸ್ಫೋಟಿಸಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮೊದಲು ಸಂಶಯವು ಅಡುಗೆ ಎಣ್ಣೆಯ ಕಾರ್ಖಾನೆಯೊಂದರ ಹೆಕ್ಸೇನಿನ ಮೇಲೆ ಬಿದ್ದಿತು. ತನಿಖೆಯಿಂದ, ತುಕ್ಕು ಹಿಡಿದು ತೂತಾದ ಕೊಳವೆಯಿಂದ ಸೋರಿದ ಪೆಟ್ರೋಲೇ ಕಾರಣವೆಂದು ತಿಳಿದುಬಂದಿತು. ದ್ರವ ಯಾವುದಾದರೂ ತತ್ತ್ವ ಒಂದೇ. ಇಲ್ಲಿ ಮನನ ಮಾಡಬೇಕಾದ ಸಂಗತಿ ಇನ್ನೊಂದಿದೆ. ಚರಂಡಿಯಿಂದ ಇಂಧನದ ವಾಸನೆ ಬರುತ್ತಿದೆಯೆಂದು ನಾಗರಿಕರು ಕೆಲವು ದಿನ ಮೊದಲೇ ದೂರಿದ್ದರು. ಆದರೂ ಅವರನ್ನು ಅಲ್ಲಿಂದ ತೆರವು ಮಾಡಿಸಲಿಲ್ಲ. ವಾಸನೆಯು ನಿಸರ್ಗವು ಕೊಡುವ ಎಚ್ಚರಿಕೆ. ಅದನ್ನು ಕಡೆಗಣಿಸಿದವರು ಕೆಲವರು, ಬೆಲೆ ತೆತ್ತವರು ಬೇರೆಯವರು.

6. ಆರೋಗ್ಯಕ್ಕೆ ಹಾನಿ

ಹೆಕ್ಸೇನ್ ಬೆಂಕಿಯಿಂದ ಮಾತ್ರವಲ್ಲ, ಉಸಿರಿನಿಂದಲೂ ಕೇಡು ಮಾಡುತ್ತದೆ. ಆವಿಯು ದಟ್ಟವಾಗಿರುವಲ್ಲಿ ತಲೆಸುತ್ತು, ವಾಕರಿಕೆ, ಮಂಪರು ಬಂದು ಮನುಷ್ಯನು ಎಚ್ಚರ ತಪ್ಪುತ್ತಾನೆ. ಅಲ್ಪ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇವಿಸಿದವರಿಗೆ ಬೇರೊಂದು ರೋಗ ಕಾದಿರುತ್ತದೆ. ಶರೀರದಲ್ಲಿ ಹೆಕ್ಸೇನ್ ಮಾರ್ಪಾಟು ಹೊಂದಿ ಹೆಕ್ಸೇನ್‌ಡೈಯೋನ್ ಎಂಬ ವಸ್ತುವಾಗುತ್ತದೆ. ಇದು ಕೈಕಾಲುಗಳ ನರಗಳನ್ನು ಕೆಡಿಸುತ್ತದೆ. ಮೊದಲು ಬೆರಳುಗಳು ಜೋಮು ಹಿಡಿಯುತ್ತವೆ, ಬಳಿಕ ನಡಿಗೆ ಕುಂದುತ್ತದೆ. ಜಪಾನಿನಲ್ಲಿ 1960ರ ದಶಕದಲ್ಲಿ ಹೆಕ್ಸೇನ್ ಬೆರೆತ ಅಂಟಿನಿಂದ ಪಾದರಕ್ಷೆ ಮಾಡುತ್ತಿದ್ದವರಲ್ಲಿ ಈ ರೋಗ ಕಾಣಿಸಿತು. ಚೀನಾದ ಸೂಝೌ ನಗರದಲ್ಲಿ 2009ರಲ್ಲಿ ಮೊಬೈಲ್ ಗಾಜುಗಳನ್ನು ಮದ್ಯಸಾರದ ಬದಲು ಹೆಕ್ಸೇನಿನಿಂದ ಒರೆಸುತ್ತಿದ್ದ ನೂರಕ್ಕೂ ಹೆಚ್ಚು ಕಾರ್ಮಿಕರು ಇದಕ್ಕೆ ತುತ್ತಾದರು. ಬೇಗ ಒಣಗುತ್ತದೆಂಬುದೇ ಅದನ್ನು ಆರಿಸಿಕೊಂಡುದಕ್ಕೆ ಕಾರಣ. ಬೇಗ ಒಣಗುವುದೆಂದರೆ ಬೇಗ ಗಾಳಿಗೆ ಸೇರುವುದೆಂದೇ ಅರ್ಥವಲ್ಲವೆ?

7. ಆಪತ್ಕಾಲದ ಕ್ರಮಗಳು

(ಅ) ಸೋರಿಕೆಯಾದಾಗ: ಮೊದಲ ಕೆಲಸ ಕಿಡಿಯನ್ನು ತಡೆಯುವುದು. ಸಮೀಪದ ಬೆಂಕಿಯನ್ನೆಲ್ಲ ನಂದಿಸಬೇಕು. ಆವಿ ಹರಡಿದ ಸ್ಥಳದಲ್ಲಿ ಯಾವ ವಿದ್ಯುತ್ ಗುಂಡಿಯನ್ನೂ ಮುಟ್ಟಬಾರದು, ವಾಹನವನ್ನು ಚಾಲೂ ಮಾಡಬಾರದು. ವಿದ್ಯುತ್ತನ್ನು ದೂರದ ಮುಖ್ಯ ಕೇಂದ್ರದಿಂದಲೇ ಕಡಿಯಬೇಕು. ಜನರು ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ನೆಲದ ಕಡೆಗೆ ಸರಿಯಬೇಕು. ಅಪಾಯವಿಲ್ಲದೆ ಸಾಧ್ಯವಾದರೆ ಕವಾಟವನ್ನು ಮುಚ್ಚಬೇಕು. ಹರಿಯುವ ದ್ರವಕ್ಕೆ ಮರಳಿನ ಒಡ್ಡು ಕಟ್ಟಿ ಚರಂಡಿಯ ಬಾಯಿಗಳನ್ನು ಮುಚ್ಚಬೇಕು. ನೀರು ಹೊಯ್ದು ಚರಂಡಿಗೆ ತೊಳೆದುಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಲೂಯಿವಿಲ್ ನಗರದ ಕಥೆ ಅದಕ್ಕೆ ಸಾಕ್ಷಿ.

(ಆ) ಬೆಂಕಿ ಹೊತ್ತಿದಾಗ: ಉರಿಯುವ ಹೆಕ್ಸೇನಿನ ಮೇಲೆ ನೀರಿನ ಧಾರೆ ಬಿಟ್ಟರೆ ದ್ರವವು ನೀರಿನ ಮೇಲೇರಿ ಉರಿಯುತ್ತಲೇ ಹರಡುತ್ತದೆ. ನೊರೆ, ಒಣ ರಾಸಾಯನಿಕ ಪುಡಿ ಅಥವಾ ಇಂಗಾಲದ ಡೈಆಕ್ಸೈಡ್ ಇವೇ ತಕ್ಕ ಸಾಧನಗಳು. ನೀರನ್ನು ತುಂತುರಾಗಿ, ಅಕ್ಕಪಕ್ಕದ ಟಾಕಿಗಳನ್ನು ತಣ್ಣಗಿಡುವುದಕ್ಕೆ ಬಳಸಬೇಕು. ಆವಿಯು ಹೊರಬರುತ್ತಲೇ ಇರುವಾಗ ಜ್ವಾಲೆಯನ್ನು ಮಾತ್ರ ನಂದಿಸಿದರೆ, ಕೂಡಿಕೊಂಡ ಆವಿಯು ಮತ್ತೊಮ್ಮೆ ಸ್ಫೋಟಿಸಬಹುದು. ಮೂಲವನ್ನು ನಿಲ್ಲಿಸುವುದೇ ಮುಖ್ಯ. ಅಗ್ನಿಶಾಮಕ ದಳಕ್ಕೆ 101 ಅಥವಾ 112 ಸಂಖ್ಯೆಗೆ ಸುದ್ದಿ ಮುಟ್ಟಿಸುವಾಗ ಸ್ಥಳದೊಡನೆ ದ್ರವದ ಹೆಸರನ್ನೂ ತಪ್ಪದೆ ತಿಳಿಸಬೇಕು.

(ಇ) ವಿದ್ಯುತ್ತು ನಿಂತಾಗ: ತಣ್ಣೀರಿನ ಪಂಪು ನಿಂತರೆ ಆವಿಯು ದ್ರವವಾಗದೆ ಒತ್ತಡ ಹೆಚ್ಚಿ ಹೊರಚೆಲ್ಲುತ್ತದೆ. ಆಗ ತಡಮಾಡದೆ ಹಬೆಯನ್ನು ನಿಲ್ಲಿಸಬೇಕು. ಎತ್ತರದಲ್ಲಿಟ್ಟ ನೀರಿನ ತೊಟ್ಟಿಯು ತನ್ನಷ್ಟಕ್ಕೆ ಹರಿದು ಕೆಲಹೊತ್ತು ತಂಪು ಕೊಡುವಂತೆ ಏರ್ಪಾಡಿರಬೇಕು.

(ಈ) ಪಾತ್ರೆಯೊಳಗೆ ಇಳಿಯುವಾಗ: ಶುಚಿ ಮಾಡಲೆಂದು ದೊಡ್ಡ ಪಾತ್ರೆಗೆ ಇಳಿಯುವ ಮೊದಲು ಕೊಳವೆಗಳ ಸಂಬಂಧ ಕಡಿದು, ಹಬೆಯಿಂದಲೂ ಗಾಳಿಯಿಂದಲೂ ಶುದ್ಧಮಾಡಿ, ಉಪಕರಣದಿಂದ ಅನಿಲವನ್ನು ಅಳೆದು, ಲಿಖಿತ ಅನುಮತಿ ಪಡೆದೇ ಇಳಿಯಬೇಕು. ಹೊರಗೊಬ್ಬನು ಕಾವಲಿರಬೇಕು. ಒಳಗಿನವನು ಕುಸಿದನೆಂದು ಹೊರಗಿನವನು ಉಸಿರಾಟದ ಸಾಧನವಿಲ್ಲದೆ ಧುಮುಕಿದರೆ ಒಂದು ಹೆಣದ ಬದಲು ಎರಡು ಹೆಣಗಳಾಗುತ್ತವೆ.

(ಉ) ಟ್ಯಾಂಕರು ಮಗುಚಿದಾಗ: ಕೊಡ, ಡಬ್ಬಿ ಹಿಡಿದು ಧಾವಿಸುವುದು ಮೃತ್ಯುವನ್ನು ಕರೆದಂತೆಯೇ ಸರಿ. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್ಪುರದ ಬಳಿ ಮಗುಚಿದ ಟ್ಯಾಂಕರಿನ ಪೆಟ್ರೋಲನ್ನು ತುಂಬಿಕೊಳ್ಳಲು ಹೋದ ಹಳ್ಳಿಗರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಹತ್ತಿಪ್ಪತ್ತು ಲೀಟರು ಇಂಧನಕ್ಕೆ ಅವರು ಕೊಟ್ಟ ಬೆಲೆ ಅದು.

8. ಪ್ರಥಮ ಚಿಕಿತ್ಸೆ

ಆವಿಯಿಂದ ಅಸ್ವಸ್ಥನಾದವನನ್ನು ಶುದ್ಧ ಗಾಳಿಗೆ ತರಬೇಕು. ಉಸಿರು ನಿಂತಿದ್ದರೆ ಕೃತಕ ಉಸಿರಾಟ ಕೊಡಬೇಕು. ಕಣ್ಣಿಗೆ ಸಿಡಿದಿದ್ದರೆ ಕನಿಷ್ಠ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು. ಮೈಮೇಲೆ ಬಿದ್ದಿದ್ದರೆ ನೆನೆದ ಬಟ್ಟೆಯನ್ನು ತೆಗೆಸಿ ಸಾಬೂನು ನೀರಿನಿಂದ ತೊಳೆಯಬೇಕು. ಅಕಸ್ಮಾತ್ ನುಂಗಿದ್ದರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ದ್ರವವು ಶ್ವಾಸಕೋಶವನ್ನು ಹೊಕ್ಕರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ. ಬಟ್ಟೆಗೆ ಬೆಂಕಿ ಹತ್ತಿದವನು ಓಡಬಾರದು, ನೆಲದ ಮೇಲೆ ಉರುಳಬೇಕು. ಎಲ್ಲ ಸಂದರ್ಭಗಳಲ್ಲಿಯೂ ವೈದ್ಯರ ಬಳಿಗೆ ಬೇಗ ಒಯ್ಯಬೇಕು.

9. ಉಪಸಂಹಾರ

1984ರ ಭೋಪಾಲ ದುರಂತದ ಅನಂತರ, 1987ರಲ್ಲಿ, ನಮ್ಮ ಕಾರ್ಖಾನೆ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಕುರಿತಾದ ಒಂದು ಅಧ್ಯಾಯವನ್ನು ಸೇರಿಸಲಾಯಿತು. ಕಾರ್ಖಾನೆಯಲ್ಲಿರುವ ಅಪಾಯವನ್ನೂ ಅದನ್ನು ಎದುರಿಸುವ ಬಗೆಯನ್ನೂ ಕಾರ್ಮಿಕರಿಗೂ ನೆರೆಯ ಜನರಿಗೂ ತಿಳಿಸಬೇಕೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿತು. ಆದರೆ ತಿಳಿಸುವವನಿದ್ದರೆ ಸಾಲದು, ತಿಳಿದುಕೊಳ್ಳುವವನೂ ಇರಬೇಕು. ಜ್ವಲನಬಿಂದು, ಸಾಂದ್ರತೆ, ಅಣುಭಾರ ಎಂಬ ಶಬ್ದಗಳನ್ನು ವಿದ್ಯಾರ್ಥಿಗಳು ಅಂಕಗಳಿಗಾಗಿ ಕಂಠಪಾಠ ಮಾಡುತ್ತಾರೆ. ಆ ಶಬ್ದಗಳ ಅರ್ಥವು ಮನಸ್ಸಿನಲ್ಲಿ ನೆಲೆನಿಂತರೆ, ಒಂದು ದಿನ ಚರಂಡಿಯಿಂದ ಬಂದ ವಾಸನೆಯನ್ನು ಗುರುತಿಸಿ, ಬೆಂಕಿಕಡ್ಡಿಯನ್ನು ಗೀರದಂತೆ ನೆರೆಯವನ ಕೈ ಹಿಡಿಯುವ ಶಕ್ತಿ ಬರುತ್ತದೆ. ಅಷ್ಟಾದರೆ ಕಲಿತ ವಿದ್ಯೆ ಸಾರ್ಥಕ.